ಗೋಡೌನಿಗೆ ವೈಫೈ ಹಾಯಿಸಿದ್ದು

ಮೇಷ್ಟರಾದವರಿಗೆ ಬರುವ ಕಾಯಿಲೆಗಳಲ್ಲಿ ಗಂಟಲು ಕೆಡುವುದು, ಕಾಲು ಊದುವುದು ಇವೆಲ್ಲ ಸಣ್ಣವು. ದೊಡ್ಡ ಕಾಯಿಲೆ ಎಂದರೆ ‘ನನಗೆ ಗೊತ್ತಿಲ್ಲ’ ಎಂಬ ಮಾತು ಬಾಯಿಂದ ಹೊರಡದೇ ಹೋಗುವುದು. ಮೊದಲ ಐದಾರು ವರ್ಷ ಇದು ಕಾಣಿಸಿಕೊಳ್ಳುವುದಿಲ್ಲ. ಆಮೇಲೆ ನಿಧಾನವಾಗಿ ಶುರುವಾಗಿ, ಇಪ್ಪತ್ತು ದಾಟುವ ಹೊತ್ತಿಗೆ ವಾಸಿಯಾಗದ ಹಂತಕ್ಕೆ ಬಂದಿರುತ್ತದೆ. ನನಗೀಗ ಇಪ್ಪತ್ನಾಲ್ಕನೆಯ ವರ್ಷ. ಬಸ್ಸು ಕೆಟ್ಟು ನಿಂತರೆ ಇಳಿದು ಹೋಗಿ ಡ್ರೈವರಿನ ಪಕ್ಕ ನಿಂತು ಎಂಜಿನ್ನಿನೊಳಕ್ಕೆ ಬಗ್ಗಿ ನೋಡುತ್ತೇನೆ. ಮದುವೆ ಮನೆಗೆ ಹೋದರೆ ಅಡುಗೆಯವರ ಹತ್ತಿರ ಹೋಗಿ ಬೆಂಕಿ ಸ್ವಲ್ಪ ಜಾಸ್ತಿಯಾಯಿತು ಅನ್ನುತ್ತೇನೆ. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದಾಗ, ಬಾಯಿ ತೆರೆದುಕೊಂಡೇ ಡಾಕ್ಟರಿಗೆ ಸನ್ನೆಕೋಲಿನ ತತ್ವ ವಿವರಿಸಲು ಹೊರಟಿದ್ದೆ. ಅವರು ಇನ್ನೊಂದು ಇಂಜೆಕ್ಷನ್ ಕೊಟ್ಟರು.

ನಾನು ಪಾಠ ಮಾಡುವುದು ವಿಜ್ಞಾನ. ಅದರಲ್ಲೂ ಅಲೆಗಳ ಪಾಠ ಎಂದರೆ ನನಗೆ ವಿಶೇಷ ಪ್ರೀತಿ. ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಅಲ್ಲಾಡಿಸಿ ತೋರಿಸುವುದು, ಬಕೆಟ್ಟಿನ ನೀರಿಗೆ ಕಲ್ಲು ಹಾಕಿ ಮುಂದಿನ ಬೆಂಚಿನವರ ಯೂನಿಫಾರ್ಮ್ ಒದ್ದೆ ಮಾಡುವುದು, ಬೆಳಕು, ರೇಡಿಯೋ, ಮೊಬೈಲು ಎಲ್ಲವೂ ಒಂದೇ ಮನೆತನದವು ಎಂದು ಕೈ ಬೀಸಿ ಹೇಳುವುದು, ಇದನ್ನೆಲ್ಲ ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ನಮ್ಮ ಮನೆಯ ವೈಫೈ ಹಿಂದಿನ ಕೋಣೆಗೆ ತಲುಪುವುದಿಲ್ಲ ಎಂದು ನನ್ನ ಹೆಂಡತಿ ಜಾನಕಿ ಹೇಳಿದಾಗ, ಅದನ್ನು ಸರಿಪಡಿಸುವವರು ಯಾರು ಎಂಬ ಪ್ರಶ್ನೆ ನನ್ನ ಮನಸ್ಸಿಗೆ ಬರಲೇ ಇಲ್ಲ. ಜಾನಕಿಯ ಮನಸ್ಸಿಗೆ ಬಂದಿತ್ತಂತೆ. ಆಮೇಲೆ ಹೇಳಿದಳು.

ಮೊದಲು ನಮ್ಮ ಮನೆಯ ವಿಚಾರ ಹೇಳಬೇಕು. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡವರು. ನನಗೆ ಶ್ರೀಮಂಗಲದ ಕಡೆ ಕೆಲಸ ಸಿಕ್ಕಿತು, ಇಲ್ಲೇ ಜಾನಕಿಯೂ ಸಿಕ್ಕಿದಳು. ಅವಳಿಗೆ ಅವಳ ಅಪ್ಪನಿಂದ ಬಂದ ಮೂರು ಎಕರೆ ರೋಬಸ್ಟಾ ಕಾಫಿ ತೋಟದ ಅಂಚಿನಲ್ಲಿ ನಮ್ಮ ಮನೆ. ಹಾಗಾಗಿ ಊರಿನಲ್ಲಿ ಕೆಲವರು ನನ್ನನ್ನು ಮನೆ ಅಳಿಯ ಎಂದು ತಮಾಷೆ ಮಾಡುವುದುಂಟು. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ಅದು ನಿಜವೇ. ಮನೆಯನ್ನು ನಾವು ಒಂದೇ ಸಲ ಕಟ್ಟಲಿಲ್ಲ. ಕೈಯಲ್ಲಿ ಆದಾಗ ಆದಷ್ಟು ಕಟ್ಟಿದೆವು. ಮೊದಲು ಹಾಲು, ಒಂದು ರೂಮು. ಆಮೇಲೆ ಊಟದ ಜಾಗ, ಅಡುಗೆಮನೆ. ಆಮೇಲೆ ಒಂದು ಉದ್ದನೆಯ ಓಣಿ, ಅದರ ಕೊನೆಗೆ ಕೆಂಪುಕಲ್ಲಿನ ಒಂದು ಗೋಡೌನು. ಮುಂಬಾಗಿಲಲ್ಲಿ ನಿಂತು ನೋಡಿದರೆ ಹಿಂಬಾಗಿಲು ಸಣ್ಣದಾಗಿ ಕಾಣುತ್ತದೆ. ನೆಂಟರು ಬಂದರೆ ‘ಇದೇನು ರೈಲಾ’ ಅನ್ನುತ್ತಾರೆ. ಕೊಡಗಿಗೆ ರೈಲು ಬಂದಿಲ್ಲ, ನಮ್ಮ ಮನೆಯನ್ನಾದರೂ ನೋಡಿಕೊಳ್ಳಿ ಅನ್ನುತ್ತೇನೆ.

ಈ ಗೋಡೌನು ಕಾಫಿ ಇಡಲು ಕಟ್ಟಿಸಿದ್ದು. ಮೂರು ವರ್ಷದ ಹಿಂದೆ ಜಾನಕಿ ಅದರ ಅರ್ಧ ಭಾಗ ಗುಡಿಸಿ, ಒಂದು ಮೇಜು, ಒಂದು ಕುರ್ಚಿ ಹಾಕಿಕೊಂಡು ಓದಲು ಕೂತಳು. ಅವಳು ಡಿಗ್ರಿ ಎರಡನೆಯ ವರ್ಷದಲ್ಲಿದ್ದಾಗ ಅವಳ ಅಪ್ಪನಿಗೆ ಕಾಯಿಲೆಯಾಗಿ ಕಾಲೇಜು ಬಿಟ್ಟು ತೋಟಕ್ಕೆ ಇಳಿದವಳು. ಮದುವೆಯಾದ ಮೇಲೆ ಮನೆಯಲ್ಲೇ ಓದಿ ಡಿಗ್ರಿ ಮುಗಿಸಿದಳು. ನಲವತ್ನಾಲ್ಕನೆಯ ವಯಸ್ಸಿಗೆ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆ ಎಂದು ದೂರಶಿಕ್ಷಣಕ್ಕೆ ಹೆಸರು ಕೊಟ್ಟಳು. ಇಷ್ಟು ದೊಡ್ಡ ಮನೆ ಇರುವಾಗ ಗೋಡೌನಿನಲ್ಲಿ ಯಾಕೆ ಕೂರುತ್ತೀ ಎಂದು ಕೇಳಿದೆ. “ಟಿ.ವಿ. ಸದ್ದು ಬರದೇ ಇರೋ ಜಾಗ ಅದೊಂದೇ” ಅಂದಳು. ಮೇಜು ಒರೆಸುತ್ತಾ, “ನಿಮ್ಮ ಸದ್ದೂ” ಅಂತ ಸೇರಿಸಿದಳು. ಪಾಠ ಮಾಡಿ ಮಾಡಿ ನನ್ನ ದನಿ ಸ್ವಲ್ಪ ಜೋರು. ಮನೆಯಲ್ಲಿ ಉಪ್ಪಿನಕಾಯಿ ಕೇಳುವಾಗಲೂ ಕೊನೆಯ ಬೆಂಚಿನವರಿಗೆ ಕೇಳಿಸುವಂತೆ ಕೇಳುತ್ತೇನೆ.

ಫೈಬರ್ ಕೇಬಲ್ ಬಂದಿದ್ದು ಮುಂದಿನ ರಸ್ತೆಯ ಕಂಬದಿಂದ. ಹಾಕಲು ಬಂದವರು ಹಾಲಿನ ಗೋಡೆಯಲ್ಲಿ ಒಂದು ತೂತು ಕೊರೆದು, ಟಿ.ವಿ.ಯ ಪಕ್ಕ ರೂಟರ್ ಇಟ್ಟು, ಕಾಫಿ ಕುಡಿದು ಹೋದರು. ಆಗ ನವೆಂಬರ್ ತಿಂಗಳು. ಗೋಡೌನಿನಲ್ಲೂ ಸುಮಾರಾಗಿ ಬರುತ್ತಿತ್ತು. ಜನವರಿ ಹೊತ್ತಿಗೆ ಕಡಿಮೆಯಾಯಿತು, ಫೆಬ್ರವರಿಯಲ್ಲಿ ನಿಂತೇ ಹೋಯಿತು. ನಾನು ಕಂಪನಿಯವರಿಗೆ ಫೋನ್ ಮಾಡಿ ದಬಾಯಿಸಿದೆ. ಅವರು ರೂಟರ್ ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆ. ಮೂರು ದಿನ ಇದೇ ಆಯಿತು. ಜಾನಕಿ ಒಂದು ದಿನ ಓಣಿಯಲ್ಲಿ ನಿಂತು, “ಚೀಲ ಬಂದ ಮೇಲೆ ಹೀಗಾಗಿದ್ದು” ಅಂದಳು. ಓಣಿಯ ಎರಡೂ ಕಡೆ, ಗೋಡೌನಿನ ಬಾಗಿಲ ತನಕ, ಕಣದಲ್ಲಿ ಒಣಗಿಸಿ ತುಂಬಿದ ಕಾಫಿ ಚೀಲಗಳು ಎದೆಮಟ್ಟಕ್ಕೆ ಪೇರಿಸಿದ್ದವು. ಕಾಫಿಗೂ ವೈಫೈಗೂ ಏನು ಸಂಬಂಧ ಎಂದು ನಾನು ನಕ್ಕೆ. ಈಗ ಯೋಚಿಸಿದರೆ, ಅಲೆಗಳ ಪಾಠದಲ್ಲಿ ಹೀರಿಕೊಳ್ಳುವಿಕೆ ಎಂದು ಒಂದು ಪ್ಯಾರಾ ಇದೆ. ಅದನ್ನು ನಾನೇ ಬೋರ್ಡಿನ ಮೇಲೆ ಬರೆಸುತ್ತೇನೆ.

ವಿಚಾರ ಗಂಭೀರವಾಗಿದ್ದು ಮಾರ್ಚ್ ಮೊದಲ ವಾರದಲ್ಲಿ. ಜಾನಕಿಯ ಪ್ರಬಂಧ ಮುಗಿದು, ಅದರ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ, ಬಾಕಿ ಇತ್ತು. ವಿಡಿಯೋದಲ್ಲೇ ವೈವಾ, ಬೆಳಿಗ್ಗೆ ಹನ್ನೊಂದಕ್ಕೆ, ಇಬ್ಬರು ಪರೀಕ್ಷಕರು. ಅದಕ್ಕೆ ಐದು ದಿನ ಮುಂಚೆ ಅವಳ ಗೈಡ್ ಮೇಡಂ ಅಭ್ಯಾಸಕ್ಕೆ ಅಂತ ವಿಡಿಯೋ ಕರೆ ಮಾಡಿದರು. ಮೊದಲ ಪ್ರಶ್ನೆಗೇ ಜಾನಕಿಯ ಮುಖ ಅರ್ಧ ಕಣ್ಣು ಮುಚ್ಚಿ ನಿಂತುಬಿಟ್ಟಿತಂತೆ, ಮಾತು ತುಂಡು ತುಂಡಾಯಿತಂತೆ. ಹಾಲಿಗೆ ಓಡಿ ಬಂದು ಮತ್ತೆ ಕರೆ ಮಾಡಿದಳು. ಆದರೆ ಹಾಲು ರಸ್ತೆಗೇ ತೆರೆದುಕೊಂಡಿದೆ. ಮೀನಿನ ಗಾಡಿಯ ಮೈಕು, ಪಿಕಪ್ಪುಗಳ ಹಾರ್ನು, ಕೇಳಿದ ಒಂದು ಮಾತು ಇನ್ನೊಂದಕ್ಕೆ ಕೂಡುವುದಿಲ್ಲ. ಮೇಡಂ ಕೊನೆಗೆ ಹೇಳಿದರಂತೆ, “ನೋಡಿ ಜಾನಕಿ, ಪರೀಕ್ಷಕರಿಬ್ಬರೂ ಸಿಗೋದು ಅದೊಂದೇ ದಿನ. ಮಧ್ಯದಲ್ಲಿ ಕಡಿದುಹೋದರೆ ನಿಮ್ಮನ್ನ ಮುಂದಿನ ಬ್ಯಾಚಿಗೆ ಹಾಕಬೇಕಾಗುತ್ತೆ.” ಮುಂದಿನ ಬ್ಯಾಚು ಎಂದರೆ ಇನ್ನೊಂದು ವರ್ಷ. ಹಿಂದೆ ಒಂದು ಸಲ ನನ್ನ ತಾಯಿಯ ಸೊಂಟದ ಆಪರೇಷನ್ ಆದಾಗ ಅವಳು ಪರೀಕ್ಷೆ ಬಿಟ್ಟು ಆಸ್ಪತ್ರೆಯಲ್ಲಿ ಕೂತಿದ್ದಳು. ಆ ವರ್ಷ ಹೋಗಿದ್ದು ನನ್ನ ಕಡೆಯಿಂದ. ಆ ಸಂಜೆ ಅವಳು ಅಕ್ಕಿ ರೊಟ್ಟಿ ತಟ್ಟಿ ನನಗೆ ಹಾಕಿ, ತಾನು ಒಂದೂ ತಿನ್ನಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ಸಂಕಟವಾದಾಗ ಮೇಷ್ಟರು ಮಾಡುವುದನ್ನೇ ಮಾಡಿದೆ. “ನಾನಿದ್ದೀನಲ್ಲ, ನೀನು ಓದಿಕೋ” ಅಂದೆ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಗೋಣಿಕೊಪ್ಪಕ್ಕೆ ಹೋಗಿ ಎಕ್ಸ್‌ಟೆಂಡರ್ ಎಂಬ ಸಾಮಾನು ತಂದೆ. ಅಂಗೈ ಅಗಲದ ಬಿಳಿ ಡಬ್ಬಿ, ಎರಡು ಕೊಂಬು, ಹಿಂದೆ ಪ್ಲಗ್ಗು. ರೂಟರಿನಿಂದ ಬಂದ ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ ಎಂದು ಅಂಗಡಿಯವರು ಹೇಳಿದರು. ಎಲ್ಲಿಡಬೇಕು ಎನ್ನುವುದನ್ನೂ ಹೇಳಲು ಬಾಯಿ ತೆರೆದರು. “ಗೊತ್ತು ಗೊತ್ತು” ಅಂದೆ. ಬಾಯಿ ಮುಚ್ಚಿಕೊಂಡರು. ನನಗೆ ಆ ಸಾಮಾನು ನೋಡಿದ ಕೂಡಲೇ ಅರ್ಥವಾಗಿತ್ತು, ಯಾಕೆಂದರೆ ಅದನ್ನು ನಾನು ಇಪ್ಪತ್ತು ವರ್ಷದಿಂದ ಬಳಸುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಅದಕ್ಕೆ ಮಾನಿಟರ್ ಎನ್ನುತ್ತೇವೆ.

ನಮ್ಮ ಶಾಲೆಯ ಒಂಬತ್ತನೆಯ ತರಗತಿಗೆ ಶೀಟಿನ ಸೂರು. ಜೂನ್ ಬಂತೆಂದರೆ ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಎರಡನೆಯ ಬೆಂಚಿನಾಚೆ ನನ್ನ ದನಿಯೂ ಹೋಗುವುದಿಲ್ಲ, ನನ್ನ ದನಿ ಎಂಥದ್ದು ಎಂದು ಆಗಲೇ ಹೇಳಿದೆ. ಆದ್ದರಿಂದ ನೋಟ್ಸ್ ಹೇಳುವಾಗ ಕ್ಲಾಸ್ ಮಾನಿಟರನ್ನು ಹಿಂದೆ ನಿಲ್ಲಿಸುತ್ತಿದ್ದೆ. ನಾನು ಹೇಳಿದ್ದನ್ನು ಮಾನಿಟರ್ ಕೇಳಿ ಹಿಂದಿನವರಿಗೆ ಮತ್ತೆ ಹೇಳಬೇಕು. ಒಂದು ವರ್ಷ ಪಾರ್ವತಿ ಎಂಬ ಬಹಳ ಜೋರು ದನಿಯ ಹುಡುಗಿ ಮಾನಿಟರ್ ಆಗಿದ್ದಳು. ಕೊನೆಯ ಬೆಂಚಿನ ಪಕ್ಕದಲ್ಲೇ ನಿಂತು ಸ್ಪಷ್ಟವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಳು. ಹಿಂದಿನ ಮೂರು ಬೆಂಚು ತಲೆ ಎತ್ತದೆ ಬರೆಯುತ್ತಿತ್ತು. ನನಗೆ ಬಹಳ ಸಮಾಧಾನ. ಪರೀಕ್ಷೆಯಲ್ಲಿ ನೋಡಿದರೆ ಆ ಮೂರು ಬೆಂಚಿನ ಹನ್ನೆರಡು ಜನವೂ ‘ಸಾಂದ್ರತೆ ಎಂದರೆ ಒಂದು ವಸ್ತುವು ಮಳೆಗಾಲದಲ್ಲಿ ಹೆಚ್ಚಾಗುವ ಗುಣ’ ಎಂದು ಬರೆದಿದ್ದರು. ಪಾರ್ವತಿಯನ್ನು ಕರೆದು ಕೇಳಿದೆ. “ಸಾರ್, ಅಲ್ಲಿಗೆ ನಿಮ್ಮದು ಏನೂ ಕೇಳಲ್ಲ. ನಿಲ್ಲಿಸಿದ್ರೆ ನೀವು ಬೈತೀರಿ ಅಂತ ನಾನೇ ಹೇಳ್ತಿದ್ದೆ” ಅಂದಳು. ಇಷ್ಟು ದೊಡ್ಡ ಪಾಠ ಕಣ್ಣೆದುರಿಗೇ ಆಗಿತ್ತು. ಆದರೆ ನಾನು ಅವಳನ್ನು ಬೈದು, ವಿಷಯ ಮರೆತೆ.

ಎಕ್ಸ್‌ಟೆಂಡರನ್ನು ತಂದು ನೇರವಾಗಿ ಗೋಡೌನಿನಲ್ಲಿ, ಜಾನಕಿಯ ಮೇಜಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದೆ. ಎಲ್ಲಿ ಸಿಗ್ನಲ್ ಇಲ್ಲವೋ ಅಲ್ಲಿ ತಾನೇ ಇಡಬೇಕು. ಫೋನಿನಲ್ಲಿ ನೋಡಿದರೆ ಸಿಗ್ನಲ್ ಕಡ್ಡಿಗಳು ಪೂರ್ತಿ ತುಂಬಿವೆ. ಜಾನಕಿಯನ್ನು ತೋಟದಿಂದ ಕೂಗಿ ಕರೆಸಿ ತೋರಿಸಿದೆ. ಅವಳು ಕೈ ಒರೆಸಿಕೊಂಡು ಫೋನು ತೆಗೆದು ಒಂದು ವಿಡಿಯೋ ಒತ್ತಿದಳು. ಅದು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. “ಕಡ್ಡಿ ತುಂಬಿದೆಯಲ್ಲ” ಅಂದೆ. “ತುಂಬಿದೆ. ಏನೂ ಬರ್ತಿಲ್ಲ” ಅಂದಳು. ಆಮೇಲೆ ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿ, “ಆ ಕೆಂಪು ದೀಪ ಯಾಕೆ?” ಎಂದು ಕೇಳಿದಳು. ಅದು ಕರೆಂಟು ಇದೆ ಎಂದು ತೋರಿಸಲು ಅಂದೆ. ನಮ್ಮ ಇಸ್ತ್ರಿ ಪೆಟ್ಟಿಗೆಯಲ್ಲಿ ಹಾಗೇ ಇದೆ.

ಈ ಹಂತದಲ್ಲಿ ಪಕ್ಕದ ತೋಟದ ಮುತ್ತಣ್ಣನವರು ಸೇರಿಕೊಂಡರು. ಮುತ್ತಣ್ಣನವರು ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತಿಯಾದವರು. ಆದರೆ ನಿವೃತ್ತಿಯಾದ ಮೇಲೆ ಅವರು ಸೈನ್ಯದ ಎಲ್ಲ ವಿಭಾಗಗಳಲ್ಲೂ ಕೆಲಸ ಮಾಡಿದ್ದಾರೆ. ನಮ್ಮ ವೈಫೈ ಪಾಸ್‌ವರ್ಡು ಅವರ ಹತ್ತಿರ ಇದೆ. ದಿನಾ ಬೆಳಿಗ್ಗೆ ನಮ್ಮ ಮುಂದಿನ ಕಟ್ಟೆಯ ಮೇಲೆ ಕೂತು ಹಳೆಯ ಹಾಕಿ ಪಂದ್ಯಗಳನ್ನು ನೋಡುತ್ತಾರೆ, ಗೋಲು ಆಗುತ್ತದೆ ಎಂದು ಮೊದಲೇ ಗೊತ್ತಿದ್ದರೂ ಎದ್ದು ನಿಲ್ಲುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ನನ್ನ ಜೊತೆ ಕನ್ನಡ, ನನ್ನ ಕೆಲಸ ಕೆಟ್ಟಾಗ ಹಿಂದಿ. “ಮಾಷ್ಟ್ರೇ, ನೀವು ಎಂತ ಮಾಡಿದ್ದು ಇದು? ಸಿಗ್ನಲ್ ಅಂದರೆ ಹೈಟ್ ಬೇಕು. ಬಾರ್ಡರಿನಲ್ಲಿ ನಾವು ಗುಡ್ಡದ ಮೇಲೆ ಇಡುವುದು” ಅಂದರು. ಅವರ ಮಾತು ಕೇಳಿ ಇನ್ನೊಂದು ಎಕ್ಸ್‌ಟೆಂಡರ್ ತಂದೆ. ಇಬ್ಬರೂ ಏಣಿ ಹಾಕಿ ಗೋಡೌನಿನ ಶೀಟಿನ ಕೆಳಗೆ, ತೊಲೆಗೆ ತಂತಿಯಲ್ಲಿ ಬಿಗಿದೆವು. ಈಗ ಗೋಡೌನಿನಲ್ಲಿ ಎರಡು ಕೆಂಪು ದೀಪ. ಫೋನಿನಲ್ಲಿ ಎರಡು ಹೆಸರು, ಎರಡರಲ್ಲೂ ಕಡ್ಡಿ ಪೂರ್ತಿ. ಏನೂ ಬರುತ್ತಿಲ್ಲ. ಮುತ್ತಣ್ಣನವರು ಏಣಿಯಿಂದಿಳಿದು ಹಿಂದಿಯಲ್ಲಿ ಏನೋ ಹೇಳಿ ಮನೆಗೆ ಹೋದರು. ವೈವಾಕ್ಕೆ ಎರಡು ದಿನ ಉಳಿದಿತ್ತು, ನಾನು ಶಾಲೆಗೆ ರಜೆ ಹಾಕಿದೆ.

ಇದೇ ವಾರ ತೋಟಕ್ಕೆ ಹೂವಿನ ನೀರು, ಅಂದರೆ ಮೊಗ್ಗು ಅರಳಿಸುವ ನೀರು, ಕೊಡುವ ವಾರ. ಆಕಾಶದ ಮಳೆಯನ್ನು ನಂಬಿ ಕೂತರೆ ರೋಬಸ್ಟಾ ಮೊಗ್ಗು ಒಣಗಿಹೋಗುತ್ತದೆ, ಅದಕ್ಕೇ ನಾವು ಕೆರೆಯಿಂದ ಪಂಪು ಹಾಕಿ ಸ್ಪ್ರಿಂಕ್ಲರಿನಲ್ಲಿ ಮಳೆ ಬರಿಸುತ್ತೇವೆ. ನಾವು ಎಂದೆ, ಅದು ಬಾಯಿ ಮಾತಿಗೆ. ಬರಿಸುವವಳು ಜಾನಕಿ. ಹನ್ನೆರಡನೆಯ ವಯಸ್ಸಿನಿಂದ ಅಪ್ಪನ ಹಿಂದೆ ಪೈಪು ಹೊತ್ತು ಕಲಿತದ್ದು. ಉದ್ದಕ್ಕೆ ಪೈಪು ಜೋಡಿಸಿ, ಅಲ್ಲಲ್ಲಿ ಆಳೆತ್ತರದ ಕೊಳವೆ ನಿಲ್ಲಿಸಿ, ತುದಿಗೆ ತಿರುಗುವ ಜೆಟ್ಟು ಹಾಕುತ್ತಾಳೆ. ಮೂರು ನಾಲ್ಕು ಗಂಟೆಗೊಮ್ಮೆ ಎಲ್ಲ ಬಿಚ್ಚಿ ಮುಂದಿನ ಸಾಲಿಗೆ. ಅಡುಗೆಮನೆಯಲ್ಲಿ ನಿಂತೇ ಜೆಟ್ಟಿನ ಚಕ್ ಚಕ್ ಸದ್ದು ಕೇಳಿ, “ಮೂರನೇದಕ್ಕೆ ಕಸ ಸಿಕ್ಕಿದೆ” ಅನ್ನುತ್ತಾಳೆ. ಹೋಗಿ ನೋಡಿದರೆ ಮೂರನೆಯದಕ್ಕೇ ಎಲೆ ಸಿಕ್ಕಿರುತ್ತದೆ. ಗಾಳಿ ಯಾವ ಕಡೆಯಿಂದ ಬೀಸಿದರೆ ಜೆಟ್ಟನ್ನು ಎಷ್ಟು ಹೆಜ್ಜೆ ಈಚೆ ತರಬೇಕು ಎಂಬುದು ಅವಳ ಕಾಲಿಗೆ ಗೊತ್ತು. ನಾನು ಒಂದು ಸಲ ಸಹಾಯಕ್ಕೆ ಹೋಗಿದ್ದೆ. ಪಂಪು ಹಾಕಿದ ಮೇಲೆ ನಾನು ಜೋಡಿಸಿದ್ದ ಜಾಯಿಂಟು ಕಳಚಿ, ನೆನೆಯಬೇಕಾದ ಗಿಡ ಬಿಟ್ಟು ನಾನು ನೆನೆದೆ. ಅಲ್ಲಿಂದೀಚೆ ನನ್ನನ್ನು ಕರೆಯುವುದಿಲ್ಲ.

ರಜೆಯ ಮೊದಲ ದಿನ ಮಧ್ಯಾಹ್ನ ಅವಳು ಒಂದು ಸಾಲು ಬದಲಾಯಿಸಿ, ಮೊಣಕಾಲಿನ ತನಕ ಕೆಸರಿನ ಬೂಟು ಹಾಕಿಕೊಂಡೇ ಗೋಡೌನಿನ ಬಾಗಿಲಲ್ಲಿ ನಿಂತಳು. ನಾನು ಮೂರನೆಯ ಎಕ್ಸ್‌ಟೆಂಡರಿನ ಬಗ್ಗೆ ಯೋಚಿಸುತ್ತಾ ಚೀಲದ ಮೇಲೆ ಕೂತಿದ್ದೆ.

“ರೀ, ಒಂದು ಕೇಳ್ಲಾ? ಈ ಡಬ್ಬಿಗೆ ಸಿಗ್ನಲ್ ಎಲ್ಲಿಂದ ಬರ್ಬೇಕು?”

“ರೂಟರಿನಿಂದ.”

“ಇಲ್ಲಿಗೆ ರೂಟರಿಂದು ಬರ್ತಾ ಇದೆಯಾ?”

“ಇಲ್ಲ. ಅದಕ್ಕೇ ತಾನೇ ಡಬ್ಬಿ ಇಟ್ಟಿದ್ದು.”

“ಒಣಗಿದ ಜಾಗದಲ್ಲಿ ಬರೀ ಜೆಟ್ಟು ಊರಿದ್ರೆ ನೀರು ಬರುತ್ತಾ? ನಾವು ಒಂದು ಜೆಟ್ಟಿಂದ ಇನ್ನೊಂದನ್ನ ಎಷ್ಟು ದೂರ ಇಡ್ತೀವಿ? ಇದರ ನೀರು ಅದರ ಬುಡಕ್ಕೆ ಬೀಳಬೇಕು. ಬುಡ ಒದ್ದೆ ಇದ್ರೇನೇ ಸರಿ. ನಿಮ್ಮ ಎರಡು ಡಬ್ಬಿಯ ಬುಡಾನೂ ಒಣಗಿದೆ.”

ನೀರು ಬೇರೆ, ವಿದ್ಯುತ್ಕಾಂತೀಯ ಅಲೆ ಬೇರೆ ಎಂದು ನಾನು ಶುರು ಮಾಡಿದೆ. ನೀರಿಗೆ ಪೈಪು ಬೇಕು, ಅಲೆಗೆ ಮಾಧ್ಯಮವೇ ಬೇಡ, ಅದು ಶೂನ್ಯದಲ್ಲೂ ಚಲಿಸುತ್ತದೆ, ಸೂರ್ಯನ ಬೆಳಕು ನಮಗೆ ಬರುವುದೇ ಹಾಗೆ ಎಂದು ಹೇಳುತ್ತಾ ಸೂರ್ಯನ ತನಕ ಹೋದೆ. ಅವಳು ಬಾಗಿಲಿಗೆ ಒರಗಿ ಪೂರ್ತಿ ಕೇಳಿದಳು. ಇದು ಅವಳಲ್ಲಿ ನಾನು ಬಹಳ ಮೆಚ್ಚುವ ಗುಣ, ನಡುವೆ ಬಾಯಿ ಹಾಕುವುದಿಲ್ಲ. ಮುಗಿದ ಮೇಲೆ, “ಆಯ್ತು. ಈಗ ಡಬ್ಬ ಇಟ್ಟು ನೋಡೋಣ” ಅಂದಳು.

ಡಬ್ಬ ಇಡುವುದು ಎಂದರೆ ಅವಳ ಅಪ್ಪನ ಕ್ರಮ. ಹೊಸ ಜೆಟ್ಟು ತಂದಾಗ ಅದರ ಬುಡದಿಂದ ನೀರು ಬೀಳುವ ಕೊನೆಯ ತನಕ, ಐದೈದು ಹೆಜ್ಜೆಗೆ ಒಂದೊಂದು ಖಾಲಿ ಹಾಲುಪುಡಿ ಡಬ್ಬ ಇಡುತ್ತಿದ್ದರಂತೆ. ಒಂದು ಗಂಟೆ ಬಿಟ್ಟು ಪ್ರತಿ ಡಬ್ಬಕ್ಕೂ ಬೆರಳು ಅದ್ದಿ ನೋಡುವುದು. ಮೊದಲ ಡಬ್ಬದಲ್ಲಿ ಇರುವುದರ ಅರ್ಧಕ್ಕೆ ಎಲ್ಲಿ ಇಳಿಯುತ್ತದೋ ಅಲ್ಲಿ ಮುಂದಿನ ಜೆಟ್ಟು, ಅದಕ್ಕಿಂತ ಆಚೆ ಹೋಗಬಾರದು. ಹತ್ತನೆಯ ತರಗತಿ ದಾಟದ ಮನುಷ್ಯ ಇದನ್ನು ಯಾರನ್ನೂ ಕೇಳದೆ ಕಂಡುಕೊಂಡಿದ್ದರು. ಜಾನಕಿ ಈಗಲೂ ಹಾಗೇ ಮಾಡುತ್ತಾಳೆ. ನಮ್ಮ ಮನೆಯಲ್ಲಿ ಖಾಲಿ ಡಬ್ಬ ಎಸೆಯುವ ಹಾಗಿಲ್ಲ ಎಂಬುದರ ಕಾರಣ ನನಗೆ ಅವತ್ತೇ ಪೂರ್ತಿ ಅರ್ಥವಾಗಿದ್ದು. ಅಲ್ಲಿಯ ತನಕ ಅದನ್ನು ಜಿಪುಣತನ ಎಂದುಕೊಂಡಿದ್ದೆ.

ಬೂಟು ಕಳಚಿಟ್ಟು ಅವಳು ನನ್ನ ಷರ್ಟಿನ ಜೇಬಿಗೆ ಕೈ ಹಾಕಿ ಒಂದು ಸೀಮೆಸುಣ್ಣ ತೆಗೆದುಕೊಂಡಳು. ನನ್ನ ಎರಡೂ ಎಕ್ಸ್‌ಟೆಂಡರನ್ನು ಕೀಳಿಸಿ ಒಂದು ಬದಿಗಿಟ್ಟಳು. ಫೋನಿನಲ್ಲಿ ಇಂಟರ್ನೆಟ್ಟಿನ ವೇಗ ತೋರಿಸುವ ಯಾವುದೋ ಆ್ಯಪು ಹಾಕಿಕೊಂಡು ರೂಟರಿನ ಬುಡದಿಂದ ನಡೆಯಲು ಶುರು ಮಾಡಿದಳು. ಐದು ಹೆಜ್ಜೆ, ನಿಲ್ಲುವುದು, ನೋಡುವುದು, ಗೋಡೆಯ ಮೇಲೆ ಸಂಖ್ಯೆ ಬರೆಯುವುದು. ಹಾಲಿನಲ್ಲಿ ನಲವತ್ತು. ಊಟದ ಮೇಜಿನ ಹತ್ತಿರ ಮೂವತ್ತೈದು. ಅಡುಗೆಮನೆ ಬಾಗಿಲಲ್ಲಿ ಇಪ್ಪತ್ತೆಂಟು, ಫ್ರಿಜ್ಜಿನ ಹಿಂದೆ ಹನ್ನೆರಡು. “ಇದು ಮರದ ಬುಡ ಇದ್ದ ಹಾಗೆ, ಇಲ್ಲಿ ನೆರಳು” ಅಂದಳು. ಓಣಿ ಶುರುವಾಗುವ ಜಾಗದಲ್ಲಿ ಇಪ್ಪತ್ತೆರಡು. ಅಲ್ಲಿಂದ ಮುಂದೆ ಚೀಲಗಳ ಮೇಲೆಯೇ ಬರೆಯುತ್ತಾ ಹೋದಳು. ಒಂಬತ್ತು, ಐದು, ಎರಡು. ಮತ್ತೆ ಓಣಿಯ ಬಾಯಿಗೆ ಬಂದು ಫೋನನ್ನು ಸೊಂಟದ ಮಟ್ಟಕ್ಕೆ ಹಿಡಿದಳು, ತಲೆಯ ಮೇಲಕ್ಕೆ ಹಿಡಿದಳು. ಚೀಲದ ಮಟ್ಟ ದಾಟಿ ಮೇಲೆ ಹೋದಂತೆ ಸಂಖ್ಯೆ ಏರುತ್ತಿತ್ತು. ನಾನು ಹಿಂದೆ ಹಿಂದೆ ಡಸ್ಟರ್ ಹಿಡಿದ ಮಾನಿಟರಿನ ಹಾಗೆ ನಡೆಯುತ್ತಿದ್ದೆ. ನಿಜ ಹೇಳುತ್ತೇನೆ, ನನ್ನ ಇಪ್ಪತ್ನಾಲ್ಕು ವರ್ಷದಲ್ಲಿ ಯಾವ ಲ್ಯಾಬಿನಲ್ಲೂ ಇಷ್ಟು ಅಚ್ಚುಕಟ್ಟಾದ ಪ್ರಯೋಗ ನೋಡಿಲ್ಲ. ನಾನು ಮಾಡಿಸಿದ ಪ್ರಯೋಗಗಳಲ್ಲಿ ಉತ್ತರ ಪುಸ್ತಕದಲ್ಲಿ ಮೊದಲೇ ಇರುತ್ತದೆ, ಹುಡುಗರು ಅದಕ್ಕೆ ತಕ್ಕಂತೆ ಅಳತೆ ಬರೆಯುತ್ತಾರೆ. ಇವಳ ಪುಸ್ತಕ ಗೋಡೆಯ ಮೇಲೆ ಆಗಷ್ಟೇ ಬರೆಯಲ್ಪಡುತ್ತಿತ್ತು. ನನಗೆ ಅವಳ ಮೇಲೆ ಎಂಥ ಅಭಿಮಾನ ಉಕ್ಕಿತೆಂದರೆ, ಸಂಖ್ಯೆಗಳ ಪಕ್ಕ ಏಕಮಾನ ಬರೆಯಬೇಕು ಎಂದು ಹೇಳುವುದನ್ನೂ ಬಿಟ್ಟೆ.

“ಮೊದಲನೇದರ ಅರ್ಧ ಎಷ್ಟು?” ಎಂದು ಕೇಳಿದಳು. ಇಪ್ಪತ್ತು ಅಂದೆ. “ಹಾಗಾದ್ರೆ ಇಲ್ಲೇ” ಎಂದು ಓಣಿಯ ಬಾಯಲ್ಲಿ, ತಲೆಗಿಂತ ಒಂದು ಮೊಳ ಎತ್ತರದಲ್ಲಿ ಗೋಡೆ ತೋರಿಸಿದಳು. ಅಲ್ಲಿ ಒಂದು ಮೊಳೆ ಆಗಲೇ ಇತ್ತು. ಮೊಳೆಯಲ್ಲಿ ನನ್ನ ಚೌಕಟ್ಟು ಇತ್ತು. ತಾಲ್ಲೂಕು ಮಟ್ಟದ ಉತ್ತಮ ವಿಜ್ಞಾನ ಶಿಕ್ಷಕ ಎಂದು ನನಗೆ ಕೊಟ್ಟ ಪ್ರಶಸ್ತಿಪತ್ರ. ಮೊದಲು ಅದು ಹಾಲಿನಲ್ಲೇ ಇತ್ತು, ದೊಡ್ಡ ಟಿ.ವಿ. ಬಂದಾಗ ಊಟದ ಜಾಗಕ್ಕೆ ಹೋಗಿ, ಅಲ್ಲಿ ಗಡಿಯಾರ ಬಂದಾಗ ಓಣಿಗೆ ಬಂದಿತ್ತು. ಜಾನಕಿ ಸೆರಗಿನಿಂದ ಅದರ ಧೂಳು ಒರೆಸಿ, ಮೆಲ್ಲಗೆ ಇಳಿಸಿ, ಚೀಲದ ಮೇಲೆ ಒರಗಿಸಿಟ್ಟಳು. ಅಡುಗೆಮನೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಅದೇ ಮೊಳೆಗೆ ನೇತುಹಾಕಿ, ಅದರಲ್ಲಿ ಎಕ್ಸ್‌ಟೆಂಡರ್ ಸಿಕ್ಕಿಸಿದಳು. ಕೆಂಪು ದೀಪ ಹತ್ತಿತು, ಮಿಣುಕಿತು, ಹಸಿರಾಯಿತು. “ಓ, ಹಸಿರೂ ಇದೆ” ಅಂದೆ. ಗೋಡೌನಿಗೆ ಹೋಗಿ ವಿಡಿಯೋ ಒತ್ತಿದರೆ ಕೂಡಲೇ ಒಬ್ಬರು ಮಾತಾಡತೊಡಗಿದರು. ಇನ್ನೊಂದನ್ನೂ ಹಾಕಿದರೆ ಇನ್ನೂ ಚೆನ್ನಾಗಿ ಬರುವುದಿಲ್ಲವೇ ಅಂದೆ. “ಎರಡು ಜೆಟ್ಟು ಸಾಕಿದ್ದಲ್ಲಿ ಮೂರು ಹಾಕಿದ್ರೆ ಪ್ರೆಷರ್ ಬೀಳುತ್ತೆ” ಎಂದು ಹೇಳಿ, ಬೂಟು ಹಾಕಿಕೊಂಡು ತೋಟಕ್ಕೆ ಹೋದಳು. ಆಮೇಲೆ ನಾನು ಕಪಾಟಿನಿಂದ ಎಕ್ಸ್‌ಟೆಂಡರಿನ ಜೊತೆ ಬಂದಿದ್ದ ಕಾಗದ ತೆಗೆದು ಓದಿದೆ. ಅವಳು ಹೇಳಿದ್ದೇ ಇತ್ತು, ಜೆಟ್ಟು ಎನ್ನುವ ಪದ ಒಂದನ್ನು ಬಿಟ್ಟು.

ವೈವಾ ದಿನ ಬೆಳಿಗ್ಗೆ ಜಾನಕಿ ಬೇಗ ಎದ್ದು ಪಂಪು ಹಾಕಿ, ಹತ್ತಕ್ಕೆ ಸಾಲು ಬದಲಾಯಿಸಿ, ಇನ್ನು ಮಧ್ಯಾಹ್ನದ ತನಕ ನೋಡಬೇಕಿಲ್ಲ ಎಂದು ಮಾಡಿಕೊಂಡು, ಸ್ನಾನ ಮಾಡಿ ಹಸಿರು ಸೀರೆ ಉಟ್ಟು ಗೋಡೌನಿಗೆ ಹೋದಳು. ಸೀರೆಯ ನೆರಿಗೆಯನ್ನು ಮೂರು ಸಲ ಬಿಚ್ಚಿ ಮತ್ತೆ ಹಿಡಿದಿದ್ದಳು. ಅವಳು ಯಾವ ಕೆಲಸವನ್ನೂ ಎರಡನೆಯ ಸಲ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮುತ್ತಣ್ಣನವರಿಗೆ ನಾನು ಮೊದಲೇ ಹೇಳಿದ್ದೆ. ಅವರು ಕಟ್ಟೆಯ ಮೇಲೆ ಫೋನು ಆಫ್ ಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂತು, ಮೀನಿನ ಗಾಡಿಗೆ ದೂರದಿಂದಲೇ ಕೈ ಅಡ್ಡ ಮಾಡಿ ಮೈಕು ನಿಲ್ಲಿಸಿದರು. “ಜಾನಕಿಗೆ ಪರೀಕ್ಷೆ ಉಂಟು” ಎಂದು ಅವರು ಹೇಳಿದ್ದು ರಸ್ತೆಯ ಆಚೆಗೂ ಕೇಳಿಸಿತು. ನನಗೆ ಜಾನಕಿ ಕೊಟ್ಟ ಕೆಲಸ ಓಣಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಎಕ್ಸ್‌ಟೆನ್ಷನ್ ಬಾಕ್ಸ್ ಕಾಯುವುದು. ಯಾರೂ ತಾಗಬಾರದು, ವೈರು ಎಡವಬಾರದು. “ಯಾರೂ ಅಂದ್ರೆ ನೀವು” ಅಂದಳು. ನನ್ನ ಎಡಗಡೆ ಪ್ರಶಸ್ತಿಪತ್ರ, ಬಲಗಡೆ ತಲೆಯ ಮೇಲೆ ಹಸಿರು ದೀಪ.

ಗೋಡೌನಿನ ಬಾಗಿಲು ಮುಂದೆ ಮಾಡಿದ್ದರೂ ಒಳಗಿನ ಮಾತು ಚೆನ್ನಾಗಿ ಕೇಳುತ್ತಿತ್ತು. ಪರೀಕ್ಷಕರಲ್ಲಿ ಒಬ್ಬರು ಸರ್, ಒಬ್ಬರು ಮೇಡಂ. ಜಾನಕಿಯ ಪ್ರಬಂಧ ಸಣ್ಣ ಕಾಫಿ ತೋಟಗಳಲ್ಲಿ ಹೆಂಗಸರಿಗಿರುವ ಕೆಲಸದ ತಿಳಿವಳಿಕೆಯ ಬಗ್ಗೆ. ಮೊದಲು ಸ್ವಲ್ಪ ತಡವರಿಸಿದಳು. ಆಮೇಲೆ ದನಿ ಸರಿಯಾಯಿತು, ಪಂಪು ಹಾಕಿ ಸ್ವಲ್ಪ ಹೊತ್ತಾದ ಮೇಲೆ ಜೆಟ್ಟು ಒಂದು ಲಯಕ್ಕೆ ಬರುವ ಹಾಗೆ. ಒಂದೊಂದು ಉತ್ತರಕ್ಕೂ ನಾನು ಸ್ಟೂಲಿನ ಮೇಲೆ ತಲೆಯಾಡಿಸುತ್ತಿದ್ದೆ. ಅರ್ಧ ಗಂಟೆ ಆಗಿರಬಹುದು. ಮೇಡಂ ಕೇಳಿದರು: “ಈ ತಿಳಿವಳಿಕೆ ಬರೀ ರೂಢಿಯಲ್ಲ, ಇದರಲ್ಲಿ ಅಳತೆ ಇದೆ, ಪರೀಕ್ಷೆ ಇದೆ ಅಂತ ಬರೆದಿದ್ದೀರಿ. ಇದು ತೋಟದ ಹೊರಗೂ ಕೆಲಸಕ್ಕೆ ಬರುತ್ತಾ? ಒಂದು ಉದಾಹರಣೆ ಕೊಡಿ. ಪುಸ್ತಕದಿಂದ ಬೇಡ.”

ಒಳಗೆ ಸದ್ದಿಲ್ಲ. ಕಡಿದೇ ಹೋಯಿತು ಅಂದುಕೊಂಡೆ. ತಲೆ ಎತ್ತಿ ನೋಡಿದೆ, ದೀಪ ಹಸಿರಾಗಿಯೇ ಇತ್ತು. ಜಾನಕಿ ಯೋಚಿಸುತ್ತಿದ್ದಳು ಅಷ್ಟೇ.

“ಈಗ ನಾನು ನಿಮ್ಮ ಜೊತೆ ಮಾತಾಡ್ತಿರೋದೇ ಉದಾಹರಣೆ ಮೇಡಂ” ಅಂದಳು. “ನಮ್ಮ ಮನೇಲಿ ಓದಿದವರು ಒಬ್ಬರಿದ್ದಾರೆ...”

ಅಲ್ಲಿಂದ ಶುರುವಾಗಿ ಒಂದೂ ಬಿಡಲಿಲ್ಲ. ಕಡ್ಡಿ ತುಂಬಿದ್ದು, ಕೆಂಪು ದೀಪ, ಇಸ್ತ್ರಿ ಪೆಟ್ಟಿಗೆ, ತೊಲೆಗೆ ತಂತಿ ಬಿಗಿದದ್ದು, ಸೂರ್ಯನ ತನಕ ಹೋಗಿ ಬಂದದ್ದು, ಅಪ್ಪನ ಡಬ್ಬಗಳು, ಚೀಲದ ಮೇಲಿನ ಸಂಖ್ಯೆಗಳು, ಒದ್ದೆ ಬುಡ. ಇಷ್ಟು ಚೆನ್ನಾಗಿ ಕಥೆ ಹೇಳುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಮೇಡಂ ನಗುವುದು ಕೇಳಿಸಿತು. ಸರ್ ನಗು ತಡೆದುಕೊಂಡು ಕೇಳಿದರು, “ಅಲ್ಲಮ್ಮ, ಆ ಓದಿದವರು ಏನು ಓದಿದ್ದಾರೆ?”

“ಬಿ.ಎಸ್ಸಿ. ಬಿ.ಎಡ್. ಸರ್, ವಿಷಯ ಭೌತಶಾಸ್ತ್ರ. ಅಲೆಗಳ ಪಾಠ ಬಹಳ ಚೆನ್ನಾಗಿ ಮಾಡ್ತಾರೆ.” ಸ್ವಲ್ಪ ತಡೆದು, “ಉತ್ತಮ ಶಿಕ್ಷಕ ಪ್ರಶಸ್ತಿನೂ ಬಂದಿದೆ. ಅದರ ಮೊಳೆಯಿಂದಲೇ ಈಗ ನಿಮ್ಮ ಮಾತು ಬರ್ತಿರೋದು.”

ಮೂರೂ ಜನ ನಕ್ಕ ನಗು ಗೋಡೌನು ದಾಟಿ, ಓಣಿ ದಾಟಿ ಬಂತು. ಎಲ್ಲೂ ತುಂಡಾಗಲಿಲ್ಲ, ಎಲ್ಲೂ ಸುತ್ತಲಿಲ್ಲ, ಒಂದಕ್ಷರವೂ ಕಡಿಯಲಿಲ್ಲ. ನಮ್ಮ ಮನೆಗೆ ವೈಫೈ ಬಂದಾಗಿನಿಂದ ಅಷ್ಟು ಸ್ಪಷ್ಟವಾಗಿ ಬಂದದ್ದು ಅದೇ ಮೊದಲು. ಎಕ್ಸ್‌ಟೆನ್ಷನ್ ಬಾಕ್ಸಿನ ಸ್ವಿಚ್ಚು ನಾನು ಎದ್ದು ಕೈ ಎತ್ತಿದರೆ ಎಟಕುವಷ್ಟು ಹತ್ತಿರದಲ್ಲೇ ಇತ್ತು, ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಒತ್ತಲಿಲ್ಲ. ಜಾನಕಿಗೆ ಎಂ.ಎ. ಬಂದಿದೆ. ಅದರಲ್ಲಿ ನಿಮ್ಮ ಸಹಾಯ ಏನು ಮೇಷ್ಟ್ರೇ ಎಂದು ಯಾರಾದರೂ ಕೇಳಿದರೆ, ನಾನು ಧೈರ್ಯವಾಗಿ ಹೇಳಬಹುದಾದದ್ದು ಇದೊಂದೇ.